ಉಚಿತ ಅಂಚೆ ವೆಚ್ಚ

ಮಾರ್ಚ್ 3, ಮಂಗಳವಾರ

ಸಿಟ್ಟು ಬಂದಾಗ ಎದುರಿಗಿದ್ದವರ ಮೇಲೆ ಹರಿಹಾಯುವ ಬದಲು ಒಂದು ಪುಸ್ತಕದಲ್ಲಿ ಗೀಚಿಬಿಡು, ಮನೆ ತಣ್ಣಗಿರುತ್ತದೆ ಎಂದು ಅಕ್ಕ ಹೇಳಿ ಒಂದು ವರ್ಷವಾಯಿತು. ಇವತ್ತು ಶುರು ಮಾಡಿದ್ದೇನೆ. ಪುಸ್ತಕವನ್ನು ಪ್ಯಾಕಿಂಗ್ ಕಾಗದದ ಪೆಟ್ಟಿಗೆಯ ತಳದಲ್ಲಿ ಇಡುತ್ತೇನೆ. ಮೇಷ್ಟ್ರ ಕೈಗೆ ಸಿಕ್ಕರೆ ಓದುತ್ತಾರೆ ಎಂಬ ಭಯವಲ್ಲ, ತಿದ್ದುತ್ತಾರೆ ಎಂಬ ಭಯ. ಹೋದ ತಿಂಗಳು ಸಾಮಾನಿನ ಚೀಟಿಯಲ್ಲಿ 'ಬೆಳುಳ್ಳಿ' ಎಂದು ಬರೆದಿದ್ದೆ. ಅಂಗಡಿಯವನ ಕೈಗೆ ಕೊಡುವಾಗ ನೋಡಿದರೆ ಕೆಂಪು ಶಾಯಿಯಲ್ಲಿ ಒಂದು ಒತ್ತಕ್ಷರ ಬಂದು ಕೂತಿತ್ತು.

ಮೇಷ್ಟ್ರು ಅಂದರೆ ನಮ್ಮ ಮಾವ. ಮೂವತ್ತನಾಲ್ಕು ವರ್ಷ ಶಾಲೆಯಲ್ಲಿ ಭಾಷೆಯ ಪಾಠ ಹೇಳಿದವರು. ಅತ್ತೆ ಹೋದ ಮೇಲೆ ನಮ್ಮ ಮುಂದಿನ ಕೋಣೆಗೆ ಬಂದರು, ಒಂದು ಮಂಚ, ಮೂರು ನಿಘಂಟು, ಒಂದು ಕೆಂಪು ಪೆನ್ನಿನ ಜೊತೆ. ಎದುರಿಗೆ ಮಾವ ಅನ್ನುತ್ತೇನೆ. ಇಲ್ಲಿ ಮೇಷ್ಟ್ರೇ.

ಇವತ್ತು ನಮ್ಮ ಅಂಗಡಿ ತೆರೆಯಿತು. ಫೋನಿನೊಳಗಿನ ಅಂಗಡಿ. ಇವರು ಹಿತ್ತಿಲಲ್ಲಿ ಕಡೆದ ಕಲ್ಲಿನ ಕುಟ್ಟಾಣಿಗಳನ್ನು ಇನ್ನು ಮೇಲೆ ಯಾವ ಊರಿನವರು ಬೇಕಾದರೂ ಕೂತಲ್ಲೇ ಕೊಳ್ಳಬಹುದು. ಒಂದೊಂದೂ ಗುಂಡುಕಲ್ಲಿನ ಸಮೇತ ನಾಲ್ಕು ಕಿಲೋ. ಆ್ಯಪಿನವರು ಹದಿನೇಳು ಖಾನೆಯ ಫಾರಂ ಕೊಟ್ಟಿದ್ದರು. ಗೊತ್ತಿದ್ದದ್ದನ್ನು ತುಂಬಿದೆ, ಗೊತ್ತಿಲ್ಲದ್ದಕ್ಕೆ ಸೊನ್ನೆ ಒತ್ತಿದೆ, ಮುಂದಕ್ಕೆ ಬಿಟ್ಟರೆ ಸಾಕು ಅಂತ. ಕೊನೆಗೆ ವಿವರಣೆ. 'ಅಂಚೆ ಖರ್ಚು ದೂರ ನೋಡಿಕೊಂಡು ಬೇರೆ ಹೇಳುತ್ತೇವೆ' ಎಂದು ಬರೆದಿದ್ದೆ. ಮೇಷ್ಟ್ರು ಬಗ್ಗಿ ನೋಡಿದರು.

"ಇದೇನಮ್ಮ, ಸಂತೆಯಲ್ಲಿ ಕೂಗೋ ಹಾಗಿದೆ? ನಾಲ್ಕು ಜನ ಓದೋದಲ್ವಾ? ಕೊಡಿಲ್ಲಿ."

ಹತ್ತು ನಿಮಿಷ ಯೋಚಿಸಿ ಒಂದು ವಾಕ್ಯ ಬರೆದುಕೊಟ್ಟರು. 'ಉಚಿತ ಅಂಚೆ ವೆಚ್ಚದೊಂದಿಗೆ ಮನೆ ಬಾಗಿಲಿಗೆ ತಲುಪಿಸಲಾಗುವುದು.' ಓದಲು ಗಂಭೀರವಾಗಿತ್ತು. ಒಲೆಯ ಮೇಲೆ ಹಾಲು ಉಕ್ಕುತ್ತಿತ್ತು. ಹಾಗೇ ಹಾಕಿಬಿಟ್ಟೆ.

ಈ ಅಂಗಡಿ ನಡೆಯಲೇಬೇಕು. ಇವರು ಹನ್ನೆರಡು ವರ್ಷ ಕಲ್ಲು ಕೊಯ್ಯುವ ಶೆಡ್ಡಿನಲ್ಲಿ ಒಣಧೂಳು ಕುಡಿದವರು. ಜನವರಿಯಲ್ಲಿ ಡಾಕ್ಟರು ಎದೆಯ ಫೋಟೋವನ್ನು ಬೆಳಕಿಗೆ ಹಿಡಿದು, "ಇನ್ನೊಂದು ವರ್ಷ ಆ ಶೆಡ್ಡಿಗೆ ಹೋದ್ರೆ ಆಮೇಲೆ ನನ್ನ ಹತ್ರ ಬರ್ಬೇಡಿ" ಅಂದರು. ಇವರು ಕೆಲಸ ಬಿಟ್ಟರು. ಮನೆಯಲ್ಲಿ ನಲ್ಲಿಯ ನೀರು ಹನಿಸುತ್ತಾ ಕಡೆಯುತ್ತಾರೆ, ಧೂಳು ಏಳುವುದಿಲ್ಲ. ಶೆಡ್ಡಿನ ಮಾಲೀಕ ಮಾತ್ರ ನಗುತ್ತಾ, "ಏಪ್ರಿಲ್‌ವರೆಗೆ ನಿನ್ನ ಜಾಗ ಖಾಲಿ ಇಟ್ಟಿರ್ತೀನಿ" ಎಂದಿದ್ದಾನೆ. ಆ ನಗು ನನಗೆ ನೆನಪಿದೆ.

ಮಾರ್ಚ್ 5, ಗುರುವಾರ

ಒಂಬತ್ತು ಆರ್ಡರ್! ಬೆಳಗಿನಿಂದ ಫೋನು ಟಿಣ್ ಟಿಣ್ ಅನ್ನುತ್ತಲೇ ಇದೆ. ಇವರು ಕೈ ಒರೆಸಿಕೊಳ್ಳುತ್ತಾ ಮೂರು ಸಲ ಒಳಗೆ ಬಂದು ಫೋನ್ ನೋಡಿಹೋದರು. ಕೆಮ್ಮು ಕೂಡ ಇವತ್ತು ಕಡಿಮೆ ಅನ್ನಿಸಿತು. ಮೇಷ್ಟ್ರು, "ಭಾಷೆ ಶುದ್ಧವಾಗಿದ್ರೆ ಜನ ನಂಬ್ತಾರೆ ಕಣಮ್ಮ" ಎಂದರು. ಖುಷಿಯಲ್ಲಿ ಅದಕ್ಕೂ ಹೂಂ ಅಂದೆ.

ಮಾರ್ಚ್ 6, ಶುಕ್ರವಾರ

ಇಪ್ಪತ್ತೇಳು. ಖುಷಿ ನಿನ್ನೆಗೇ ಮುಗಿಯಿತು.

ಮಧ್ಯಾಹ್ನ ಒಬ್ಬ ಹೆಂಗಸಿಗೆ ಅಂಚೆ ಖರ್ಚು ಇಷ್ಟಾಗುತ್ತದೆ ಎಂದು ಸಂದೇಶ ಕಳಿಸಿದೆ. ತಿರುಗಿ ಬರೆದಳು: 'ಉಚಿತ ಅಂತ ನೀವೇ ಬರೆದು ಈಗ ದುಡ್ಡು ಕೇಳ್ತೀರಾ? ನಾಚಿಕೆ ಆಗಲ್ವಾ?' ನನ್ನ ಅಂಗಡಿಯನ್ನು ನಾನೇ ತೆರೆದು ನೋಡಿದೆ. ಕುಟ್ಟಾಣಿಯ ಚಿತ್ರದ ಮೇಲೆ ಹಸಿರು ಪಟ್ಟಿ, 'ಡೆಲಿವರಿ ಫ್ರೀ'. ಕೆಳಗೆ ಮೇಷ್ಟ್ರ ವಾಕ್ಯ. ಫ್ರೀ ಇರುವುದನ್ನೆಲ್ಲ ಆ್ಯಪಿನವರು ಮೊದಲ ಸಾಲಿಗೆ ತಂದು ಮೆರೆಸುತ್ತಾರಂತೆ. ಪುಕ್ಕಟೆ ಸಿಕ್ಕರೆ ನನಗೊಂದು ನಮ್ಮಪ್ಪನಿಗೊಂದು ಎಂದು ಜನ ಮುಗಿಬಿದ್ದಿದ್ದಾರೆ.

ಹೊಸ ಆರ್ಡರ್ ಬರದಂತೆ 'ಸ್ಟಾಕ್ ಇಲ್ಲ' ಎಂದು ಒತ್ತಿ ಪಾರ್ಸೆಲ್ ಕೌಂಟರಿಗೆ ಓಡಿದೆ. ಕನ್ನಡಕದ ಹೆಂಗಸು ಕುಟ್ಟಾಣಿಯನ್ನು ತಕ್ಕಡಿಗಿಟ್ಟು ಹೇಳಿದ ಮೊತ್ತ ಕುಟ್ಟಾಣಿಯ ಬೆಲೆಗಿಂತ ಹೆಚ್ಚು. ಮೂಗಿಗಿಂತ ಮೂಗುತಿ ಭಾರ. "ಕಲ್ಲು ಯಾಕೆ ಮಾರೋಕ್ ಹೋದ್ರಿ? ಹಕ್ಕಿ ಗರಿ ಮಾರ್ಬೇಕಿತ್ತು" ಎಂದಳು. ನಗು ಬರಲಿಲ್ಲ.

ಮನೆಗೆ ಬಂದು ಮೇಷ್ಟ್ರ ಮುಂದೆ ಫೋನು ಹಿಡಿದೆ.

"ಮಾವ, ಉಚಿತ ಅಂತ ಯಾಕೆ ಬರೆದ್ರಿ?"

"ಯಾಕೆ? ಉಚಿತ ಅಂದ್ರೆ ತಕ್ಕದ್ದು, ಯೋಗ್ಯವಾದದ್ದು. ದೂರಕ್ಕೆ ತಕ್ಕ ಅಂಚೆ ವೆಚ್ಚ. ನೀನು ಹೇಳಿದ್ದನ್ನೇ ನೆಟ್ಟಗೆ ಹೇಳಿದ್ದೀನಿ."

"ಉಚಿತ ಅಂದ್ರೆ ಪುಕ್ಕಟೆ ಮಾವ! ಬೀದೀಲಿ ಯಾರನ್ನ ಬೇಕಾದ್ರೂ ಕೇಳಿ!"

"ಬೀದಿಯವರು ಹೇಳಿದ್ದೇ ಅರ್ಥವಾ? ಹಾಗಾದ್ರೆ ಅನುಚಿತ ವರ್ತನೆ ಅಂದ್ರೇನಮ್ಮ, ದುಡ್ಡು ಕೊಟ್ಟು ಮಾಡೋ ವರ್ತನೆಯಾ?"

"ಉಚಿತ ಕಣ್ಣಿನ ತಪಾಸಣೆ ಅಂತ ಬೋರ್ಡ್ ಹಾಕಿದ್ರಲ್ಲ, ಅವತ್ತು ದುಡ್ಡು ತಗೊಂಡು ಹೋಗಿದ್ರಾ ನೀವು?"

ಬೇರೆ ದಿನವಾಗಿದ್ದರೆ ಇಬ್ಬರೂ ನಗುತ್ತಿದ್ದೆವೇನೋ. ನನಗೆ ಕಣ್ಣು ಕತ್ತಲಿಟ್ಟಿತ್ತು. "ನಿಮ್ಮ ಒಂದು ಪದಕ್ಕೆ ನಿಮ್ಮ ಮಗ ಮತ್ತೆ ಹೋಗಿ ಧೂಳು ಕುಡೀಬೇಕು, ಗೊತ್ತಾ?" ಎಂದು ಕಿರುಚಿದೆ. ಮೇಷ್ಟ್ರು ನಿಘಂಟನ್ನು ತೊಡೆಯ ಮೇಲಿಂದ ತೆಗೆದು ಪಕ್ಕಕ್ಕಿಟ್ಟರು. ಹಿತ್ತಿಲ ಬಾಗಿಲಲ್ಲಿ ಇವರು ನಿಂತಿದ್ದರು. ಎಲ್ಲವನ್ನೂ ಕೇಳಿಸಿಕೊಂಡಿದ್ದರು.

ಮಾರ್ಚ್ 7, ಶನಿವಾರ

ಆ್ಯಪಿನ ನಿಯಮಗಳನ್ನು ಎರಡು ಸಲ ಓದಿದೆ. ಒಪ್ಪಿಕೊಂಡ ಆರ್ಡರನ್ನು ಹದಿನಾರನೇ ತಾರೀಕು ಸಂಜೆ ಆರರೊಳಗೆ ಕಳಿಸಬೇಕು. ನಾವಾಗಿ ರದ್ದು ಮಾಡಬಹುದು, ಆದರೆ ತಿಂಗಳಿಗೆ ಮೂರೇ ಮೂರು. ನಾಲ್ಕನೆಯದಕ್ಕೆ ಅಂಗಡಿ ಶಾಶ್ವತವಾಗಿ ಮುಚ್ಚುತ್ತದೆ, ಅದೇ ಹೆಸರಲ್ಲಿ ಮತ್ತೆ ತೆರೆಯುವ ಹಾಗಿಲ್ಲ. ಕೊಂಡವರೇ ರದ್ದು ಮಾಡಿದರೆ ಮಾತ್ರ ನಮಗೆ ಕಪ್ಪುಚುಕ್ಕೆ ಬೀಳುವುದಿಲ್ಲ. ಅಂಚೆ ಖರ್ಚನ್ನು ನಮ್ಮ ಕೈಯಿಂದ ಹಾಕಿ ಕಳಿಸಿದರೆ ಹೆಚ್ಚೆಂದರೆ ನಾಲ್ಕು ಕಳಿಸಬಹುದು. ಉಳಿದ ಇಪ್ಪತ್ತು ಜನರ ಹತ್ತಿರ, ಪುಕ್ಕಟೆ ಸಿಕ್ಕಿದ್ದನ್ನು ನೀವಾಗಿಯೇ ಬಿಟ್ಟುಕೊಡಿ ಎಂದು ಬೇಡಬೇಕು. ಬೆಕ್ಕಿಗೆ ಗಂಟೆ ಕಟ್ಟುವವರು ಯಾರು? ನಾನೇ.

ಆರು ಜನಕ್ಕೆ ಫೋನ್ ಮಾಡಿದೆ. ಒಬ್ಬಳು ಪಾಪ ಅಂದು ರದ್ದು ಮಾಡಿದಳು. ಇಬ್ಬರು ಎತ್ತಲಿಲ್ಲ. ಒಬ್ಬ, "ಮೇಡಂ, ವ್ಯಾಪಾರ ಬರದಿದ್ರೆ ಮನೇಲಿರಿ" ಅಂದ. ನನ್ನ ನಾಲಿಗೆ ಸುಮ್ಮನಿರುತ್ತದೆಯೇ? ನಾನೂ ಅಂದೆ. ಅವನು ಒಂದು ನಕ್ಷತ್ರ ಕೊಟ್ಟು 'ಮೋಸಗಾರರು' ಎಂದು ಬರೆದು, ಆರ್ಡರನ್ನು ಹಾಗೇ ಇಟ್ಟುಕೊಂಡಿದ್ದಾನೆ.

ಇವರು ಶೆಡ್ಡಿನಲ್ಲಿ ಕಟ್ಟಿಕೊಳ್ಳುತ್ತಿದ್ದ ಮೂಗಿನ ಬಟ್ಟೆಯನ್ನು ಪೆಟ್ಟಿಗೆಯಿಂದ ತೆಗೆದು ಒಗೆದು ತಂತಿಯ ಮೇಲೆ ಹಾಕಿದ್ದಾರೆ.

ಸಂಜೆ ಮೇಷ್ಟ್ರು ಫೋನು ಕೇಳಿ ಪಡೆದರು. ಭೂತಗನ್ನಡಿ ಹಿಡಿದು ಅಂಗಡಿಯ ಒಂದೊಂದೇ ಪುಟ ನೋಡುತ್ತಾ ಒಂದು ಗಂಟೆ ಕೂತಿದ್ದರು. ಕಾಗುಣಿತದ ತಪ್ಪು ಹುಡುಕುತ್ತಿದ್ದರೇನೋ. ಮನೆ ಹೊತ್ತಿ ಉರಿಯುವಾಗಲೂ ಕೆಲವರಿಗೆ ಕೆಂಪು ಪೆನ್ನೇ.

ಮಾರ್ಚ್ 9, ಸೋಮವಾರ

ಬರೆಯಲೋ ಬೇಡವೋ ಎಂದು ಮೂರು ಸಲ ಪುಸ್ತಕ ಮುಚ್ಚಿ ತೆರೆದೆ.

ಆ್ಯಪಿನ ಸಹಾಯವಾಣಿಗೆ ಫೋನ್ ಮಾಡಿದ್ದೆ. ನಲವತ್ತು ನಿಮಿಷ ಸಂಗೀತ ಕೇಳಿಸಿ ಒಬ್ಬ ಹುಡುಗಿ ಸಿಕ್ಕಿದಳು. ಉಚಿತ ಅನ್ನುವ ಪದಕ್ಕೆ ಎರಡು ಅರ್ಥ ಇದೆ, ಬರೆದವರು ಹಳೇ ಕಾಲದ ಪಂಡಿತರು, ಅದಕ್ಕೇ ಹೀಗಾಯಿತು, ದಯವಿಟ್ಟು ಎಲ್ಲವನ್ನೂ ರದ್ದು ಮಾಡಿಕೊಡಿ ಎಂದು ದೊಡ್ಡ ಭಾಷಣ ಮಾಡಿದೆ. ಅವಳು ತಾಳ್ಮೆಯಿಂದ ಕೇಳಿದಳು.

"ಮೇಡಂ, ವಿವರಣೇಲಿ ಏನ್ ಬರೆದ್ರೂ ನಮ್ಮ ಸಿಸ್ಟಮ್ ಓದೋದಿಲ್ಲ. ನೀವು ಡೆಲಿವರಿ ಶುಲ್ಕದ ಖಾನೇಲಿ ಸೊನ್ನೆ ಹಾಕಿದ್ದೀರಿ. ಸೊನ್ನೆ ಹಾಕಿದ್ರೆ ಫ್ರೀ ಪಟ್ಟಿ ತಾನಾಗೇ ಬರುತ್ತೆ."

"ಪದದಿಂದ ಅಲ್ವಾ?"

"ಅಲ್ಲ ಮೇಡಂ. ಸೊನ್ನೆಯಿಂದ."

ಹದಿನೇಳು ಖಾನೆ. ಗೊತ್ತಿಲ್ಲದ್ದಕ್ಕೆ ಸೊನ್ನೆ. ನನ್ನ ಹೆಬ್ಬೆರಳು. ನನ್ನ ತಲೆಯ ಮೇಲೆ ನಾನೇ ಚಪ್ಪಡಿ ಎಳೆದುಕೊಂಡು, ಕುಣಿಯಲಾರದವಳು ನೆಲ ಡೊಂಕು ಅಂದ ಹಾಗೆ ಮೇಷ್ಟ್ರ ಮೇಲೆ ಹಾರಾಡಿದ್ದೇನೆ. ಅವರು ಮೂರು ದಿನದಿಂದ ನಿಘಂಟು ಮುಟ್ಟಿಲ್ಲ. ತಟ್ಟೆಯ ಮುಂದೆ ಕೂತು ಏನೋ ತಪ್ಪು ಮಾಡಿದ ಮಕ್ಕಳ ಹಾಗೆ ತಿಂದು ಏಳುತ್ತಾರೆ.

ಇವರು ಕೇಳಿದರು, "ಏನಂದ್ರು?" "ಆಗಲ್ಲ ಅಂದ್ರು" ಎಂದೆ. ಅದು ಸುಳ್ಳಲ್ಲ. ನಾಳೆ ಹೇಳುತ್ತೇನೆ.

ಮಾರ್ಚ್ 10, ಮಂಗಳವಾರ

ಹೇಳಲಿಲ್ಲ.

ಹೇಳಬೇಕೆಂದೇ ಮುಂದಿನ ಕೋಣೆಗೆ ಹೋದೆ. ಮೇಷ್ಟ್ರು ಅಂಗಿಯ ಗುಂಡಿ ಹಾಕಿಕೊಂಡು, ಶಾಲೆಗೆ ಹೊರಟವರ ಹಾಗೆ ತಲೆ ಬಾಚಿ ಕೂತಿದ್ದರು. "ಫೋನ್ ಕೊಡಮ್ಮ. ನಾನು ಮಾತಾಡ್ತೀನಿ" ಅಂದರು.

"ಬೇಡ ಮಾವ, ಜನ ಕೆಟ್ಟದಾಗಿ ಮಾತಾಡ್ತಾರೆ."

"ಮೂವತ್ತನಾಲ್ಕು ವರ್ಷ ಏಳನೇ ತರಗತಿಗೆ ಪಾಠ ಮಾಡಿದ್ದೀನಿ. ಅದಕ್ಕಿಂತ ಕೆಟ್ಟದು ಏನಿದೆ?"

ಫೋನು ತೆಗೆದುಕೊಂಡು ಬಾಗಿಲು ಹಾಕಿಕೊಂಡರು. ಆ ಹೊತ್ತಿಗೆ ಹೇಳಬೇಕಿತ್ತು. ಬಾಗಿಲು ಹಾಕಿದರಲ್ಲ ಎಂದು ಒಂದು ನೆಪ ಸಿಕ್ಕಿತು, ಹಿಡಿದುಕೊಂಡೆ.

ಮಾರ್ಚ್ 11, ಬುಧವಾರ

ನಂಬಲಾಗುತ್ತಿಲ್ಲ. ನಿನ್ನೆ ನಾಲ್ಕು, ಇವತ್ತು ಐದು. ಒಂಬತ್ತು ಜನ ತಾವಾಗಿಯೇ ರದ್ದು ಮಾಡಿದ್ದಾರೆ. ಅದರಲ್ಲಿ ಮೂವರು, ಅಂಚೆ ಖರ್ಚು ಸರಿಯಾಗಿ ಹಾಕಿ ಮತ್ತೆ ತೋರಿಸಿ, ಕೊಳ್ಳುತ್ತೇವೆ ಎಂದಿದ್ದಾರಂತೆ. ಇನ್ನು ಹದಿನೇಳು.

ಬಾಗಿಲ ಹೊರಗಿನಿಂದ ಗುಣುಗುಣು ಮಾತ್ರ ಕೇಳುತ್ತದೆ. ಸಂಧಿ ಸಮಾಸ ಎಲ್ಲ ಬಿಡಿಸಿ ಹೇಳುತ್ತಿರಬೇಕು, ಇನ್ನೊಂದು ಪಾಠ ಕೇಳುವುದಕ್ಕಿಂತ ಕುಟ್ಟಾಣಿ ಬಿಡುವುದೇ ವಾಸಿ ಎಂದು ಜನ ಓಡಿಹೋಗುತ್ತಿರಬೇಕು. ಇವರಿಗೆ ಹೀಗೆಂದಾಗ ಐದು ದಿನದಲ್ಲಿ ಮೊದಲ ಸಲ ನಕ್ಕರು. ನಕ್ಕದ್ದು ಕೆಮ್ಮಾಯಿತು, ಕೆಮ್ಮು ತುಂಬಾ ಹೊತ್ತು ನಿಲ್ಲಲಿಲ್ಲ.

ಮಾರ್ಚ್ 12, ಗುರುವಾರ

ಅಕ್ಕ ಫೋನ್ ಮಾಡಿದ್ದಳು. "ನಿಮ್ಮ ಮೇಷ್ಟ್ರು ಕೊನೆಗೂ ಮನೆ ಮುಳುಗಿಸಿದ್ರಂತೆ?" ಅಂದಳು. ಯಾರು ಹೇಳಿದರು ಎಂದರೆ ನಾನೇ ಶುಕ್ರವಾರ ಹೇಳಿದ್ದೆನಂತೆ. "ಸುಮ್ನೆ ಏನೇನೋ ಅನ್ಬೇಡ, ಎರಡು ದಿನದಿಂದ ಗಂಟಲು ಹರ್ಕೊಂಡು ಮಾತಾಡ್ತಿರೋರು ಅವರೇ" ಎಂದು ಫೋನಿಟ್ಟೆ. ಅವಳಿಗೆ ಬೇಜಾರಾಗಿರಬೇಕು. ಆಗಲಿ.

ಇವತ್ತು ಮೂರು. ಮಾವನ ಗಂಟಲು ಪೂರ್ತಿ ಕಟ್ಟಿದೆ. ಉಪ್ಪು ಹಾಕಿದ ಬಿಸಿನೀರು ಕೊಟ್ಟೆ.

"ಏನು ಹೇಳ್ತೀರಿ ಮಾವ ಅವರಿಗೆ?"

"ಇದ್ದದ್ದು ಹೇಳ್ತೀನಿ."

"ಬೈಯಲ್ವಾ?"

"ಬೈತಾರೆ. ಬೈದು ಮುಗಿಸಿದ ಮೇಲೆ ಮನುಷ್ಯರು ಒಳ್ಳೆಯವರೇ ಇರ್ತಾರೆ ಕಣಮ್ಮ. ಮುಗಿಸೋಕ್ ಬಿಡ್ಬೇಕು. ನೀನು ಬಿಡಲ್ಲ."

ಅದು ನಿಜ. ನಾನು ಬಿಡುವುದಿಲ್ಲ. ಸೊನ್ನೆಯ ವಿಷಯ ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಒಬ್ಬರು ತಿರುಗಿ ಫೋನ್ ಮಾಡಿದರು, ಮಾವ ಕೈ ಅಡ್ಡ ಮಾಡಿ ಬಾಗಿಲ ಕಡೆ ತೋರಿಸಿದರು. ಎದ್ದು ಬಂದೆ.

ಮಾರ್ಚ್ 13, ಶುಕ್ರವಾರ

ನಾಲ್ಕು ಕುಟ್ಟಾಣಿ ನಮ್ಮ ಕೈಯಿಂದಲೇ ಹಾಕಿ ಕಳಿಸಿದೆವು. ಎಷ್ಟು ಹೇಳಿದರೂ ಬೇಕೇ ಬೇಕು ಅಂದವರಿಗೆ. ನಕ್ಷತ್ರದವನಿಗೂ ಒಂದು. ಅವನ ಪೊಟ್ಟಣ ಕಟ್ಟುವಾಗ ಗುಂಡುಕಲ್ಲು ಇಡದೆ ಕಳಿಸೋಣ ಅನ್ನಿಸಿತು, ಬರೀ ಕುಟ್ಟಾಣಿಯಲ್ಲಿ ಬೆರಳಿನಿಂದ ಕುಟ್ಟಿಕೊಳ್ಳಲಿ. ಇಟ್ಟೇ ಕಳಿಸಿದೆ. ಕೌಂಟರಿನ ಹೆಂಗಸು ನಾಲ್ಕಕ್ಕೂ ಚೀಟಿ ಅಂಟಿಸಿ, "ಇನ್ನೂ ಗರಿಗೆ ಬದಲಾಯಿಸಿಲ್ವಾ?" ಅಂದಳು.

ಇವತ್ತು ಮೂವರು ಬಿಟ್ಟುಕೊಟ್ಟರು. ಉಳಿದದ್ದು ಏಳು. ಮೂರನ್ನು ನಾವೇ ರದ್ದು ಮಾಡಬಹುದು. ಹಾಗಾದರೆ ನಾಲ್ಕು ಜನ ಬೇಕು, ಮೂರು ದಿನದಲ್ಲಿ.

ಶೆಡ್ಡಿನ ಮಾಲೀಕ ಸಂಜೆ ಇವರಿಗೆ ಫೋನ್ ಮಾಡಿದ್ದ. ಹೇಗಿದ್ದೀಯ ಎಂದು ವಿಚಾರಿಸಿದನಂತೆ, ಅಷ್ಟೇ. ಹದ್ದಿಗೆ ಕೋಳಿಮರಿಯ ಮೇಲೆ ಇರುವಷ್ಟು ಪ್ರೀತಿ.

ಮಾರ್ಚ್ 15, ಭಾನುವಾರ

ನಿನ್ನೆ ಇಬ್ಬರು. ಇವತ್ತು ಬೆಳಿಗ್ಗೆ ಒಬ್ಬರು. ಆಮೇಲೆ ಯಾರೂ ಇಲ್ಲ.

ಒಬ್ಬರು ಬೇಕು. ಒಬ್ಬರೇ. ಉಳಿದ ನಾಲ್ವರಲ್ಲಿ ಇಬ್ಬರು ಫೋನೇ ಎತ್ತುವುದಿಲ್ಲ, ಒಬ್ಬಳು ಊರಲ್ಲಿಲ್ಲ. ನಾಲ್ಕನೆಯವನು ಒಂದು ಹೋಟೆಲಿನ ಅಡುಗೆ ಭಟ್ಟ. ಮೂರು ಸಲ ಮಾತಾಡಿಯೂ ಆಗುವುದಿಲ್ಲ ಎಂದಿದ್ದಾನೆ. ಕಳಿಸಿಬಿಡೋಣ ಎಂದರೆ ಕೈ ಬರಿದು, ಸಾಲ ಮಾಡಿ ಪುಕ್ಕಟೆ ಕಲ್ಲು ಕಳಿಸುವುದನ್ನು ಇವರು ಒಪ್ಪುವುದಿಲ್ಲ.

ಊಟದ ಹೊತ್ತಿಗೆ ಇವರು ಶಾಂತವಾಗಿ ಹೇಳಿದರು, "ನಾಳೆ ಆರು ಗಂಟೆ ಆದ್ಮೇಲೆ ಮಾಲೀಕರಿಗೆ ಫೋನ್ ಮಾಡ್ತೀನಿ. ಏಪ್ರಿಲ್ ಯಾಕೆ, ನಾಡಿದ್ದೇ ಹೋಗ್ತೀನಿ."

"ಡಾಕ್ಟ್ರು ಹೇಳಿದ್ದು ಮರೆತ್ರಾ?"

"ಡಾಕ್ಟ್ರು ಅಡುಗೆಮನೆಗೆ ಸಾಮಾನು ತಂದ್ಹಾಕ್ತಾರಾ?"

ಮಾವ ಅನ್ನದಲ್ಲಿ ಬೆರಳಾಡಿಸುತ್ತಾ ಕೂತಿದ್ದರು. ಇವರು ಅವರ ಕಡೆ ನೋಡಲಿಲ್ಲ. ಅಪ್ಪನ ಮೇಲೆ ಸಿಟ್ಟಿದೆ, ತೋರಿಸುತ್ತಿಲ್ಲ. ಆ ಸಿಟ್ಟು ನನ್ನ ಮೇಲಿರಬೇಕಾದದ್ದು. ಆರು ದಿನ ಬಾಯಿ ಮುಚ್ಚಿಕೊಂಡಿದ್ದೇನೆ, ಈಗ ತೆರೆದರೆ ಆರು ದಿನ ಯಾಕೆ ಮುಚ್ಚಿದ್ದೆ ಎಂದು ಕೇಳುತ್ತಾರೆ. ಹೇಡಿ ನಾನು. ಬರೆದದ್ದಾಯಿತು.

ಮಾರ್ಚ್ 16, ಸೋಮವಾರ

ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತೇನೆ.

ನಾಲ್ಕೂವರೆಗೆ ಮಾವ ಮತ್ತೆ ಆ ಅಡುಗೆ ಭಟ್ಟನಿಗೆ ಫೋನ್ ಮಾಡಲು ಕೂತರು. ನಾನು ಬಿಸಿನೀರಿನ ಲೋಟ ಹಿಡಿದು ಹೋದೆ. ಬಾಗಿಲು ಪೂರ್ತಿ ಹಾಕಿರಲಿಲ್ಲ. ಮಂಚದ ಮೇಲೆ ಗೋಡೆಯ ಕಡೆ ಮುಖ ಮಾಡಿ ಕೂತಿದ್ದರು. ಕಟ್ಟಿದ ಗಂಟಲಿನಲ್ಲಿ ಮಾತಾಡುತ್ತಿದ್ದರು, ಆದರೆ ಅದು ಮಾವನ ಮಾತಿನ ಹಾಗೆ ಇರಲಿಲ್ಲ.

"ಇಲ್ಲ ಸ್ವಾಮಿ, ನಾನು ಓದು ಬರಹ ಕಲ್ತೋನಲ್ಲ. ಶಾಲೆ ಮುಖ ನೋಡಿಲ್ಲ... ಹೂಂ... ಯಾರೋ ಹೇಳಿದ ಪದ, ದೊಡ್ಡದಾಗಿದೆ ಅಂತ ಹಾಕಿಸ್ಬಿಟ್ಟೆ. ಅರ್ಥ ಗೊತ್ತಿರ್ಲಿಲ್ಲ... ಹೂಂ, ನಿಜ. ನಿಮ್ಮ ಮಾತು ನಿಜ. ಗೊತ್ತಿಲ್ದಿದ್ರೆ ಮುದುಕ ಮುಚ್ಕೊಂಡು ಕೂರ್ಬೇಕಿತ್ತು... ಸೊಸೆಗೆ ಗೊತ್ತೇ ಇಲ್ಲ ಸ್ವಾಮಿ, ಅವಳು ಒಳ್ಳೆ ಹುಡುಗಿ, ನಾನೇ ಅವಳಿಲ್ಲದಾಗ ಫೋನ್ ಮುಟ್ಟಿದ್ದು."

ಆ ಕಡೆಯವನು ಬಹಳ ಹೊತ್ತು ಮಾತಾಡಿದ. ಮಾವ ಹೂಂಗುಟ್ಟುತ್ತಲೇ ಇದ್ದರು. ಒಂದು ಸಲ ಅವನು ಏನು ಕೇಳಿದನೋ, ಮಾವ ಸುಮ್ಮನಾದರು. ಆಮೇಲೆ ಹೇಳಿದರು, "ಸಹಿ ಮಾಡೋಕೂ ಬರಲ್ಲ. ಹೆಬ್ಬೆಟ್ಟೇ."

ಮೂವತ್ತನಾಲ್ಕು ವರ್ಷ ಮಕ್ಕಳಿಗೆ ಅಕ್ಷರ ತಿದ್ದಿಸಿದವರು. ಇಷ್ಟು ದಿನ ಪಾಠ ಕೊರೆಯುತ್ತಿದ್ದಾರೆ ಎಂದು ನಾನು ನಕ್ಕದ್ದು ಇದಕ್ಕೆ. ಆಮೇಲೆ ಮಂಚದ ಮೇಲಿದ್ದ ಫೋನು ಟಿಣ್ ಅಂದಿತು. ಕೊಂಡವರಿಂದ ರದ್ದು. ಗಂಟೆ ಐದು ಹತ್ತು.

ಒಳಗೆ ಹೋದೆ. ಮಾವ ತಿರುಗಿ, "ಒಪ್ಪಿದ ಕಣಮ್ಮ! ಉಳಿದ ಮೂರು ನೀನು ರದ್ದು ಮಾಡು, ಬೇಗ" ಎಂದರು. ಮಾಡಿದೆ. ಒಂದು, ಎರಡು, ಮೂರು. ಅಂಗಡಿ ತೆರೆದೇ ಇತ್ತು. ಅವರ ಕಾಲ ಹತ್ತಿರ ನೆಲದ ಮೇಲೆ ಕೂತುಬಿಟ್ಟೆ.

"ಮಾವ, ನಿಮ್ಮ ಪದದಿಂದ ಆಗಿದ್ದಲ್ಲ. ಖಾನೇಲಿ ಸೊನ್ನೆ ಹಾಕಿದ್ದು ನಾನು. ನನಗೆ ಗೊತ್ತಾಗಿ ಒಂದು ವಾರ ಆಯ್ತು."

"ಗೊತ್ತು."

"ಏನು ಗೊತ್ತು?"

"ಸೊನ್ನೆ. ಅವತ್ತು ಭೂತಗನ್ನಡಿ ಹಾಕಿ ನೋಡಿದೆನಲ್ಲ. ಅಕ್ಷರ ಕಂಡ್ರೆ ಓದದೆ ಬಿಡೋ ಜಾತಿ ಅಲ್ಲ ನಾನು. ನಿಯಮ ಎಲ್ಲ ಓದಿದೆ, ಡೆಲಿವರಿ ಶುಲ್ಕ ಸೊನ್ನೆ ಅಂತ ಇತ್ತು, ಅದನ್ನೂ ಓದಿದೆ."

ನಾನು ಬಿಕ್ಕುತ್ತಿದ್ದೆ. "ಮತ್ಯಾಕೆ ಹೇಳ್ಲಿಲ್ಲ? ಯಾಕೆ ಬೈಸ್ಕೊಂಡ್ರಿ? ಯಾಕೆ ಹೆಬ್ಬೆಟ್ಟು ಅಂದ್ರಿ?"

"ನೋಡಮ್ಮ, ನೀನು ತಪ್ಪು ಮಾಡಿದ್ದು ಅಂದ್ರೆ ಅದು ಅಂಗಡಿಯವರ ತಪ್ಪು, ಜನ ಬಿಡಲ್ಲ. ಓದಿದ ಮೇಷ್ಟ್ರ ತಪ್ಪು ಅಂದ್ರೂ ಬಿಡಲ್ಲ, ಇನ್ನೂ ಖುಷಿಯಾಗಿ ಹಿಡ್ಕೋತಾರೆ. ಮೊದಲ ದಿನ ಒಬ್ಬನಿಗೆ ಅರ್ಥ ವಿವರಿಸಿದೆ, ಫೋನ್ ಇಟ್ಟ. ಹೆಬ್ಬೆಟ್ಟಿನ ಮುದುಕ ಅಂದ್ರೆ, ಪಾಪ ಹೋಗ್ಲಿ ಬಿಡು ಅಂತಾರೆ." ಕೆಮ್ಮಿ ನೀರು ಕುಡಿದರು. "ಮಗನಿಗೆ ಏನೂ ಹೇಳ್ಬೇಡ. ನನ್ನ ಮೇಲೇ ಇರ್ಲಿ. ಅಪ್ಪನ ಮೇಲಿನ ಸಿಟ್ಟು ನಾಲ್ಕು ದಿನ. ಹೆಂಡತಿ ಮೇಲಿನದು ಮನೆಯೆಲ್ಲ ಓಡಾಡುತ್ತೆ."

ಸರಿ ಎಂದೆ. ಎದ್ದು ಮುಖ ತೊಳೆದು ಅನ್ನಕ್ಕಿಟ್ಟೆ.

ಆದರೆ ಊಟಕ್ಕೆ ಕೂತಾಗ ಇವರು ಖುಷಿಯಲ್ಲಿ, "ಅಂತೂ ಅಪ್ಪ, ನೀವು ಕಟ್ಟಿದ ಗಂಟನ್ನ ನೀವೇ ಬಿಚ್ಚಿದ್ರಿ. ಇನ್ಮೇಲೆ ದೊಡ್ಡ ದೊಡ್ಡ ಪದ ಬೇಡಪ್ಪ" ಎಂದರು. ತಮಾಷೆಗೇ ಅಂದದ್ದು. ಮಾವ ನಕ್ಕು ತಲೆಯಾಡಿಸಿದರು. ನನ್ನ ಕೈಲಿದ್ದ ಸೌಟನ್ನು ಪಾತ್ರೆಯೊಳಗೆ ಬಿಟ್ಟೆ.

"ಗಂಟು ಕಟ್ಟಿದ್ದು ನಾನು" ಎಂದೆ. "ಡೆಲಿವರಿ ಶುಲ್ಕದ ಖಾನೇಲಿ ಸೊನ್ನೆ ಹಾಕಿದ್ದು ನಾನು. ಹೋದ ಸೋಮವಾರವೇ ಗೊತ್ತಾಗಿತ್ತು, ಹೇಳೋಕೆ ಧೈರ್ಯ ಬರ್ಲಿಲ್ಲ. ಮಾವನ ಪದ ಸರಿಯಾಗೇ ಇತ್ತು. ಉಚಿತ ಅಂದ್ರೆ ತಕ್ಕದ್ದು."

ಇವರು ತುತ್ತು ಕೈಯಲ್ಲೇ ಹಿಡಿದು ನನ್ನನ್ನೂ ಅಪ್ಪನನ್ನೂ ನೋಡಿದರು. ನಲ್ಲಿಯಿಂದ ಹಿತ್ತಿಲ ಕಲ್ಲಿನ ಮೇಲೆ ನೀರು ಹನಿಯುತ್ತಿತ್ತು. ಏನು ಬೇಕಾದರೂ ಅನ್ನಲಿ ಎಂದು ನಾನು ತಲೆ ತಗ್ಗಿಸಿದ್ದೆ.

ಮಾತಾಡಿದ್ದು ಮಾವ. ಹೆಬ್ಬೆಟ್ಟಿನ ಮುದುಕನ ದನಿಯಲ್ಲ, ಏಳನೇ ತರಗತಿಯ ಕೊನೆಯ ಬೆಂಚಿಗೂ ಕೇಳುವ ದನಿ. ಗಂಟಲು ಒಡೆದಿತ್ತು, ಕಣ್ಣು ಒದ್ದೆಯಾಗಿತ್ತು.

"ಕೊನೇ ವಾಕ್ಯ ಸರಿಯಾಗಿ ಕೇಳಿಸ್ಲಿಲ್ಲ. ಇನ್ನೊಂದ್ಸಲ ಹೇಳಮ್ಮ."

ಎದ್ದು ನಿಂತು ಹೇಳಿದೆ.